ಸೈನ್, ಜೇಬು ಮತ್ತು ಮೂರು ಜ್ಯಾ

ಕಳೆದ ವರ್ಷ ಫಸ್ಟ್ ಸೆಮ್‌ನ ಎರಡನೇ ಇಂಟರ್ನಲ್ಸ್‌ಗೆ ಮೂರು ದಿನ ಬಾಕಿ ಇತ್ತು. ಹಾಸ್ಟೆಲ್ ರೂಮಲ್ಲಿ ಕೂತು ನಾನು ನನ್ನ ರೂಮ್‌ಮೇಟ್‌ಗೆ ರೇಡಿಯಸ್ ಆಫ್ ಕರ್ವೇಚರ್ ಹೇಳಿಕೊಡ್ತಾ ಇದ್ದೆ. ಅವನು ಹತ್ತನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮೀಡಿಯಂನಲ್ಲಿ ಓದಿದವನು. ನಾನು ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಮನೇಲಿ ಕನ್ನಡ ಮಾತಾಡ್ತೀವಿ, ಆದ್ರೆ ಗಣಿತ ಅಂದ ತಕ್ಷಣ ನನ್ನ ತಲೆ ಇಂಗ್ಲಿಷಿಗೆ ಶಿಫ್ಟ್ ಆಗುತ್ತೆ. ಮೊದಲನೇ ಇಂಟರ್ನಲ್ಸಲ್ಲಿ ಅವನಿಗೆ 50ಕ್ಕೆ 11 ಬಂದಿತ್ತು. (ಅವನ ಅನುಮತಿ ತಗೊಂಡೇ ಬರೀತಿದೀನಿ, ಮಾರ್ಕ್ಸ್ ಸಮೇತ.)

ಒಂದು ಹಂತದಲ್ಲಿ ಅವನು ನನ್ನನ್ನ ನಿಲ್ಲಿಸಿ ಕೇಳಿದ: "ರೇಡಿಯಸ್ ಅಂದ್ರೆ ತ್ರಿಜ್ಯ ತಾನೆ? ಜ್ಯಾ ಅಂದ್ರೆ ಕಾರ್ಡ್. ತ್ರಿ ಅಂದ್ರೆ ಮೂರು. ರೇಡಿಯಸ್ಸಲ್ಲಿ ಮೂರು ಕಾರ್ಡ್ ಎಲ್ಲಿದೆ? ಎಂಟನೇ ಕ್ಲಾಸಿಂದ ಯಾರನ್ನಾದ್ರೂ ಕೇಳ್ಬೇಕು ಅಂತಿದೀನಿ."

ನಾನು ನಕ್ಕುಬಿಟ್ಟೆ. ಸಿಲಬಸ್‌ನಲ್ಲಿ ಇಲ್ಲದ್ದನ್ನ ಯಾಕೆ ಕೇಳ್ತೀಯ ಅಂದೆ. ಅವನು ಸುಮ್ಮನಾದ. ಆಮೇಲೆ ಗೊತ್ತಾಗಿದ್ದು, ಕ್ಲಾಸಲ್ಲೂ ಅವನು ಇದೇ ಥರ ಸುಮ್ಮನಾಗ್ತಿದ್ದ, ಯಾಕಂದ್ರೆ ಡೌಟ್ ಬಂದಾಗ ಅದನ್ನ ಇಂಗ್ಲಿಷಿಗೆ ಬದಲಾಯಿಸೋ ಅಷ್ಟರಲ್ಲಿ ಬೋರ್ಡ್ ಮೇಲಿನ ಸ್ಟೆಪ್ ಮುಂದೆ ಹೋಗಿರ್ತಿತ್ತು. ಆದ್ರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ರೇಡಿಯಸ್ಸಲ್ಲಿ ಮೂರು ಕಾರ್ಡ್ ಎಲ್ಲಿದೆ? ನಿಜವಾಗ್ಲೂ ನನಗೆ ಗೊತ್ತಿರ್ಲಿಲ್ಲ. ಅವನ ಪ್ರಶ್ನೆಗೆ ಉತ್ತರ ಹುಡುಕ್ತಾ ನಾನು ಬಾಗ್ದಾದ್‌ಗೆ, ಅಲ್ಲಿಂದ ಸ್ಪೇನ್‌ಗೆ ಹೋಗಿಬಂದೆ. ಲೈಬ್ರರಿಯಲ್ಲೇ ಕೂತು, ಅಷ್ಟೇ. ಆ ಪ್ರಯಾಣವೇ ಈ ಲೇಖನ.

ಮೊದಲು ಬಿಲ್ಲಿನಿಂದ ಶುರು ಮಾಡೋಣ. ನೋಟ್‌ಬುಕ್ ತಗೊಂಡು ಒಂದು ವೃತ್ತ ಬರೆಯಿರಿ. ಅದರಲ್ಲಿ ಒಂದು ಕಾರ್ಡ್ ಎಳೆಯಿರಿ. ಈಗ ಆ ಕಾರ್ಡ್ ಮತ್ತು ಅದರ ಮೇಲಿನ ಆರ್ಕ್ ಬಿಟ್ಟು ಉಳಿದದ್ದೆಲ್ಲ ಅಳಿಸಿಬಿಡಿ. ಏನು ಕಾಣುತ್ತೆ? ಬಿಲ್ಲು. ಆರ್ಕ್ ಬಿಲ್ಲಿನ ಬಾಗಿದ ಕೋಲು, ಕಾರ್ಡ್ ಅದರ ಹೆದೆ. ಸಂಸ್ಕೃತದಲ್ಲಿ ಬಿಲ್ಲಿಗೆ ಚಾಪ, ಹೆದೆಗೆ ಜ್ಯಾ ಅಥವಾ ಜೀವಾ ಅಂತಾರೆ. ಆರ್ಕ್‌ನ ಮಧ್ಯದಿಂದ ಕಾರ್ಡ್‌ನ ಮಧ್ಯಕ್ಕೆ ಎಳೆದ ಪುಟ್ಟ ಗೆರೆಗೆ ಶರ, ಅಂದ್ರೆ ಬಾಣ. ಪೂರ್ತಿ ಸೆಟ್ ಇದೆ.

ಕ್ರಿ.ಶ. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಗ್ರೀಕ್ ಭಾಷೆಯಲ್ಲಿ ಬರೆದ ಖಗೋಳದ ಪುಸ್ತಕದಲ್ಲಿ ಅರ್ಧ ಅರ್ಧ ಡಿಗ್ರಿಗೆ ಕಾರ್ಡ್‌ಗಳ ಉದ್ದದ ಟೇಬಲ್ ಇದೆ. ಪೂರ್ತಿ ಕಾರ್ಡ್. ಭಾರತದವರು ಮಾಡಿದ ಬದಲಾವಣೆ ನೋಡೋಕೆ ಚಿಕ್ಕದು: ಹೆದೆಯನ್ನ ಅರ್ಧ ಮಾಡಿದರು. ಅರ್ಧ ಹೆದೆ ತಗೊಂಡ್ರೆ ಕೇಂದ್ರದ ಜೊತೆ ಲಂಬಕೋನ ತ್ರಿಭುಜ ನೇರವಾಗಿ ಸಿಗುತ್ತೆ, ಪ್ರತಿ ಸಲ ಕೋನವನ್ನ ಡಬಲ್ ಮಾಡಿ ಕಾರ್ಡ್ ಹುಡುಕಿ ಮತ್ತೆ ಎರಡರಿಂದ ಭಾಗಿಸೋ ಕೆಲಸ ಇಲ್ಲ. ಇದನ್ನ ಅರ್ಧಜ್ಯಾ ಅಂದರು. ಹೇಳಿ ಹೇಳಿ ಬೇಜಾರಾಗಿ 'ಅರ್ಧ' ಬಿಟ್ಟು ಬರೀ ಜ್ಯಾ ಅಂದರು. ಅದೇ ನಮ್ಮ ಸೈನ್.

ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ನಮಗೆ ಸೈನ್ ಅಂದ್ರೆ ಅನುಪಾತ, ಮೈನಸ್ 1ರಿಂದ 1ರ ಒಳಗೆ. ಅವರಿಗೆ ಜ್ಯಾ ಅಂದ್ರೆ ನಿಜವಾದ ಉದ್ದ. ಹಾಗಾಗಿ ವೃತ್ತದ ರೇಡಿಯಸ್ ಎಷ್ಟು ಅಂತ ಮೊದಲೇ ಫಿಕ್ಸ್ ಮಾಡ್ಕೊಬೇಕು. ಕ್ರಿ.ಶ. 499ರ ಆರ್ಯಭಟೀಯದ ಟೇಬಲ್‌ನಲ್ಲಿ ಅದು 3438. ವಿಚಿತ್ರ ನಂಬರ್ ಅನ್ಸುತ್ತಾ? ವೃತ್ತದಲ್ಲಿ 360 ಡಿಗ್ರಿ, ಒಂದೊಂದಕ್ಕೂ 60 ಮಿನಿಟ್, ಒಟ್ಟು 21600. ಪರಿಧಿ 21600 ಆದ್ರೆ ರೇಡಿಯಸ್ ಎಷ್ಟು? ಎರಡು ಪೈಯಿಂದ ಭಾಗಿಸಿ: 3437.75. ರೌಂಡ್ ಆಫ್ ಮಾಡಿದ್ರೆ 3438. ಕೋನವನ್ನೂ ಉದ್ದವನ್ನೂ ಒಂದೇ ಅಳತೆಯಲ್ಲಿ ಅಳೆಯೋ ಐಡಿಯಾ ಇದು, ನಮ್ಮ ರೇಡಿಯನ್‌ನ ದೊಡ್ಡಪ್ಪ ಅಂದ್ಕೊಳ್ಳಿ. ಆರ್ಯಭಟ 3 ಡಿಗ್ರಿ 45 ಮಿನಿಟ್‌ಗೆ ಒಂದರಂತೆ 24 ಜ್ಯಾ ವ್ಯತ್ಯಾಸಗಳನ್ನ ಕೊಡ್ತಾನೆ: 225, 224, 222, 219, 215, 210, 205, 199 ಹೀಗೆ. ಮೊದಲ ಎಂಟನ್ನ ಕೂಡಿಸಿ. 1719 ಬರುತ್ತೆ. ಎಂಟು ಸಲ 3 ಡಿಗ್ರಿ 45 ಮಿನಿಟ್ ಅಂದ್ರೆ 30 ಡಿಗ್ರಿ. 1719 ಅಂದ್ರೆ 3438ರ ಸರಿಯಾಗಿ ಅರ್ಧ. ಸೈನ್ 30 ಅರ್ಧ! ನಾನು ಇದನ್ನ ಕ್ಯಾಲ್ಕುಲೇಟರ್‌ನಲ್ಲಿ ಕೂಡಿಸಿ ನೋಡಿದಾಗ ಲೈಬ್ರರಿಯಲ್ಲಿ ಜೋರಾಗಿ 'ಅಯ್ಯೋ' ಅಂದಿದ್ದು ನಿಜ.

ಈಗ ರೂಮ್‌ಮೇಟ್ ಪ್ರಶ್ನೆಗೆ ಬರೋಣ. ಹಳೇ ಖಗೋಳದವರು ಕೋನವನ್ನ ರಾಶಿಗಳಲ್ಲೂ ಅಳೀತಿದ್ರು. ಮೇಷ, ವೃಷಭ ಅಂತೀವಲ್ಲ, ಅದೇ. 12 ರಾಶಿ, ಒಂದೊಂದು 30 ಡಿಗ್ರಿ. ಮೂರು ರಾಶಿ ಅಂದ್ರೆ 90 ಡಿಗ್ರಿ. 90 ಡಿಗ್ರಿಯ ಜ್ಯಾ ಎಷ್ಟು? ಸೈನ್ 90 ಒಂದು, ಹಾಗಾಗಿ ಉದ್ದ ಪೂರ್ತಿ ರೇಡಿಯಸ್ಸೇ. ಅಂದ್ರೆ ಮೂರು ರಾಶಿಯ ಜ್ಯಾ ಅಂದ್ರೆ ರೇಡಿಯಸ್. ಅದಕ್ಕೇ ತ್ರಿಜ್ಯ.

ಇದನ್ನ ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಂದ್ರೆ ಎಂಟನೇ ಕ್ಲಾಸಲ್ಲೇ ನಮಗೆ ಸೈನ್ 90 ಒಂದು ಅಂತ ಹೇಳಿಕೊಟ್ಟಿದ್ರು, ಯಾರೂ ಹೇಳ್ಲಿಲ್ಲ ಅಷ್ಟೇ" ಅಂದ. ಹನ್ನೆರಡು ವರ್ಷ ರೇಡಿಯಸ್ ರೇಡಿಯಸ್ ಅಂದ ನನಗೆ ಆ ಪದದೊಳಗೆ ಏನೂ ಕಂಡಿರ್ಲಿಲ್ಲ. ಅವನ ಪದದೊಳಗೆ ಒಂದು ಥಿಯರಮ್ಮೇ ಇತ್ತು.

ಇಲ್ಲಿಗೆ ನಿಲ್ಲಿಸಿದ್ರೆ ಇದು ಫ್ಯಾಮಿಲಿ ಗ್ರೂಪಲ್ಲಿ ಬರೋ 'ಎಲ್ಲವೂ ನಮ್ಮದೇ' ಮೆಸೇಜ್ ಆಗಿಬಿಡುತ್ತೆ. ಹಾಗಾಗಿ ಅದೇ ವೃತ್ತದ ಇನ್ನೊಂದು ಪದ ನೋಡಿ: ಕೇಂದ್ರ. ಅಚ್ಚ ಸಂಸ್ಕೃತ ಅನ್ಸುತ್ತೆ ಅಲ್ವಾ? ಅದು ಗ್ರೀಕ್. ಕೆಂಟ್ರಾನ್ ಅಂದ್ರೆ ಮೊನಚಾದ ಮುಳ್ಳು, ಕಂಪಾಸ್‌ನ ಮುಳ್ಳು ಊರೋ ಜಾಗ. ಇಂಗ್ಲಿಷಿನ ಸೆಂಟರ್ ಕೂಡ ಅಲ್ಲಿಂದಲೇ ಬಂದದ್ದು. ಜ್ಯೋತಿಷದ ಹೋರಾ ಕೂಡ ಗ್ರೀಕ್, ಇಂಗ್ಲಿಷಿನ ಅವರ್ ಅದರ ಅಣ್ಣತಮ್ಮ. ಆರನೇ ಶತಮಾನದ ವರಾಹಮಿಹಿರ ಐದು ಸಿದ್ಧಾಂತಗಳನ್ನ ಒಟ್ಟಿಗೆ ಇಟ್ಟು ಬರೆದ ಪಂಚಸಿದ್ಧಾಂತಿಕಾದಲ್ಲಿ ಒಂದರ ಹೆಸರು ರೋಮಕ, ಇನ್ನೊಂದು ಪೌಲಿಶ. ಯವನರು ಮ್ಲೇಚ್ಛರಾದ್ರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಸಿರೋದ್ರಿಂದ ಅವರನ್ನೂ ಋಷಿಗಳಂತೆ ಗೌರವಿಸಬೇಕು ಅನ್ನೋ ಅರ್ಥದ ಮಾತನ್ನ ಅವನು ಬೃಹತ್ಸಂಹಿತೆಯಲ್ಲಿ ಹೇಳ್ತಾನೆ. 'ಮ್ಲೇಚ್ಛರಾದರೂ' ಅನ್ನೋದು ನನಗೆ ಸ್ವಲ್ಪ ಚುಚ್ಚುತ್ತೆ, ಆದ್ರೆ ಸಾಲ ತಗೊಂಡಿದ್ದನ್ನ ಮುಚ್ಚಿಡಲಿಲ್ಲ ಅನ್ನೋದು ದೊಡ್ಡದು.

ಈಗ ಬಾಗ್ದಾದ್. 762ರಲ್ಲಿ ಖಲೀಫ ಅಲ್ ಮನ್ಸೂರ್ ಕಟ್ಟಿಸಿದ ಹೊಸ ರಾಜಧಾನಿ ಅದು. 770ರ ದಶಕದ ಶುರುವಿನಲ್ಲಿ ಭಾರತದಿಂದ ಒಂದು ನಿಯೋಗ ಅಲ್ಲಿಗೆ ಹೋಯ್ತು, ಅದರ ಜೊತೆ ಒಬ್ಬ ಖಗೋಳ ಪಂಡಿತ, ಅವನ ಜೊತೆ ಬ್ರಹ್ಮಗುಪ್ತನ ಪರಂಪರೆಯ ಒಂದು ಸಂಸ್ಕೃತ ಗ್ರಂಥ. ಖಲೀಫ ಅದನ್ನ ಅರಬ್ಬಿಗೆ ತರಿಸಿದ. ಈ ಕೆಲಸಕ್ಕೆ ಅಲ್ ಫಜಾರಿ ಅನ್ನೋ ಖಗೋಳಜ್ಞನ ಹೆಸರು ಹೇಳ್ತಾರೆ. ಗ್ರಂಥಕ್ಕೆ ಸಿಂಧಿಂದ್ ಅನ್ನೋ ಹೆಸರು ಬಿತ್ತು, ನಮ್ಮ 'ಸಿದ್ಧಾಂತ' ಅವರ ಬಾಯಲ್ಲಿ ಹಾಗಾಯ್ತು. ಮುಂದಿನ ಖಲೀಫರ ಕಾಲದಲ್ಲಿ ಮಂತ್ರಿಗಳಾಗಿದ್ದ ಬರ್ಮಕಿ ಮನೆತನದವರು ಸಂಸ್ಕೃತದ ವೈದ್ಯ ಗ್ರಂಥಗಳನ್ನೂ ತರಿಸಿದರು. ಇವರ ಹಿರಿಯರು ಬಲ್ಖ್‌ನಲ್ಲಿ ಬೌದ್ಧ ವಿಹಾರ ನೋಡ್ಕೋತಿದ್ದವರು.

ಅನುವಾದ ಮಾಡುವಾಗ ಜೀವಾ ಅನ್ನೋ ಪದ ಬಂತು. ಅರಬ್ಬಿಯಲ್ಲಿ 'ವ' ಉಚ್ಚಾರ ಇಲ್ಲ, ಹಾಗಾಗಿ ಅದು ಜೀಬಾ ಆಯ್ತು. ಅರ್ಥವನ್ನ ಅನುವಾದಿಸಲಿಲ್ಲ, ಶಬ್ದವನ್ನ ಹಾಗೇ ಎತ್ತಿಕೊಂಡರು. ಜೀಬಾಗೆ ಅರಬ್ಬಿಯಲ್ಲಿ ಯಾವ ಅರ್ಥವೂ ಇಲ್ಲ. ಈಗ ಅರಬ್ಬಿ ಲಿಪಿಯ ಒಂದು ಗುಣ ಗೊತ್ತಿರಬೇಕು: ಅದರಲ್ಲಿ ಹ್ರಸ್ವ ಸ್ವರಗಳನ್ನ ಸಾಮಾನ್ಯವಾಗಿ ಬರೆಯಲ್ಲ. ವ್ಯಂಜನದ ಅಸ್ಥಿಪಂಜರ ಇರುತ್ತೆ, ಓದೋನು ಅದಕ್ಕೆ ಜೀವ ತುಂಬ್ಕೋಬೇಕು. ಜೀಮ್, ಯಾ, ಬಾ. ಮೂರು ಅಕ್ಷರ. ಇದನ್ನ ಕಂಡ ಅರಬ್ಬಿ ಓದುಗ ತನಗೆ ಗೊತ್ತಿರೋ ಪದವನ್ನೇ ಓದಿದ: ಜೈಬ್. ಅದರ ಅರ್ಥ ಬಟ್ಟೆಯ ಮಡಿಕೆ, ಎದೆಯ ಹತ್ತಿರದ ಅಂಗಿಯ ತೆರಪು, ಆಮೇಲೆ ಅಲ್ಲಿ ಇಟ್ಕೊಳ್ಳೋ ಚೀಲ.

ಹೌದು. ನಮ್ಮ ಜೇಬು. ಅರಬ್ಬಿಯ ಆ ಜೈಬ್ ಪರ್ಷಿಯನ್, ಉರ್ದು ದಾಟಿ ಕನ್ನಡಕ್ಕೆ ಬಂದು ಜೇಬಾಯ್ತು. ನೀವು ಎಕ್ಸಾಮ್ ಹಾಲಿಗೆ ಹೋಗುವಾಗ ಹಾಲ್ ಟಿಕೆಟ್ ಇಟ್ಕೊಳ್ಳೋ ಜೇಬು ಮತ್ತು ಪೇಪರಲ್ಲಿ ಬರೋ ಸೈನ್, ಎರಡರ ಹಿಂದೆಯೂ ಇರೋದು ಅದೇ ಒಂದು ಪದ. ಅರಬ್ಬಿ ಗಣಿತಜ್ಞರಿಗೆ ಇದರಿಂದ ತೊಂದರೆ ಏನೂ ಆಗಲಿಲ್ಲ. ಜೈಬ್ ಅಂದ್ರೆ ಯಾವ ಗೆರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಟೇಬಲ್‌ಗಳನ್ನ ಇನ್ನೂ ನಿಖರ ಮಾಡಿದರು. ಕಳೆದುಹೋಗಿದ್ದು ಬಿಲ್ಲು ಮಾತ್ರ.

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ ಸೈನ್‌ಗೆ ನೇರವಾಗಿ ಸಂಬಂಧಪಟ್ಟವನಲ್ಲ. ಆದ್ರೆ ಅನುವಾದ ಅನ್ನೋದನ್ನ ಒಂದು ಎಂಜಿನಿಯರಿಂಗ್ ಕೆಲಸ ಅಂತ ಮಾಡಿ ತೋರಿಸಿದವನು. ಹೆಸರು ಹುನೈನ್ ಇಬ್ನ್ ಇಸ್‌ಹಾಕ್. ಸುಮಾರು 808ರಲ್ಲಿ ಇರಾಕಿನ ಹೀರಾ ಊರಲ್ಲಿ ಹುಟ್ಟಿದ ಅರಬ್ ಕ್ರೈಸ್ತ. ಅಪ್ಪ ಔಷಧಿ ವ್ಯಾಪಾರಿ. ವೈದ್ಯ ಕಲಿಯೋಕೆ ಬಾಗ್ದಾದಿನ ದೊಡ್ಡ ಗುರುವಿನ ಹತ್ತಿರ ಸೇರಿದ. ಹಳೇ ಜೀವನಚರಿತ್ರೆಗಳಲ್ಲಿ ಒಂದು ಕಥೆ ಇದೆ: ಇವನು ಪ್ರಶ್ನೆ ಕೇಳಿ ಕೇಳಿ ಗುರುವಿಗೆ ತಲೆ ಕೆಟ್ಟು, ಹೀರಾದವರಿಗೆ ವೈದ್ಯ ಯಾಕೆ, ಹೋಗಿ ರಸ್ತೆ ಬದಿಯಲ್ಲಿ ದುಡ್ಡು ಚಿಲ್ಲರೆ ಮಾಡ್ಕೊಂಡಿರು ಅಂತ ಬೈದು ಓಡಿಸಿದರಂತೆ. ಹುಡುಗ ಅತ್ತುಕೊಂಡು ಹೋದ. ಕೆಲವು ವರ್ಷ ಆದ್ಮೇಲೆ ಬಾಗ್ದಾದಿಗೆ ವಾಪಸ್ ಬಂದಾಗ ಗ್ರೀಕ್‌ನಲ್ಲಿ ಹೋಮರ್‌ನ ಪದ್ಯಗಳನ್ನ ಬಾಯಿಪಾಠ ಹೇಳ್ತಿದ್ದ. ಅದೇ ಗುರು ಆಮೇಲೆ ಇವನ ಅನುವಾದಗಳನ್ನ ಓದಬೇಕಾಯ್ತು. ಈ ಕಥೆಯನ್ನ ರೂಮ್‌ಮೇಟ್‌ಗೆ ಹೇಳಿದೆ. ಎರಡು ಸಲ ಹೇಳಿಸಿಕೊಂಡ.

ಗ್ರೀಕ್ ವೈದ್ಯ ಗ್ಯಾಲನ್‌ನ ಪುಸ್ತಕಗಳಲ್ಲಿ ಯಾವುದು ಸಿಕ್ಕಿದೆ, ಯಾರು ಅನುವಾದಿಸಿದ್ದಾರೆ, ಯಾವ ಅನುವಾದ ಕೆಟ್ಟದು ಅಂತ ಹುನೈನ್ ಒಂದು ಪತ್ರ ಬರೆದಿದ್ದಾನೆ. ಸುಮಾರು 129 ಪುಸ್ತಕಗಳ ಪಟ್ಟಿ. ಇದನ್ನ ಓದಿದ್ರೆ ಗಿಟ್ ಕಮಿಟ್ ಹಿಸ್ಟರಿ ಓದಿದ ಹಾಗಿರುತ್ತೆ. ಒಂದು ಪುಸ್ತಕದ ಬಗ್ಗೆ ಅವನು ಹೇಳೋದರ ಸಾರ ಇದು: ಇಪ್ಪತ್ತು ವರ್ಷದವನಿದ್ದಾಗ ಇದನ್ನ ಅನುವಾದಿಸಿದೆ, ನನ್ನ ಹತ್ತಿರ ಇದ್ದ ಗ್ರೀಕ್ ಪ್ರತಿ ತುಂಬಾ ದೋಷದ್ದು. ನಲವತ್ತರ ಹೊತ್ತಿಗೆ ಶಿಷ್ಯ ಹುಬೈಶ್ ಅದನ್ನ ತಿದ್ದಿಕೊಡಿ ಅಂದ. ಅಷ್ಟರಲ್ಲಿ ನನ್ನ ಹತ್ತಿರ ಹಲವು ಗ್ರೀಕ್ ಪ್ರತಿಗಳು ಸೇರಿದ್ವು. ಅವನ್ನೆಲ್ಲ ಒಂದಕ್ಕೊಂದು ಹೋಲಿಸಿ ಮೊದಲು ಒಂದು ಸರಿಯಾದ ಗ್ರೀಕ್ ಪ್ರತಿ ಮಾಡಿಕೊಂಡೆ, ಆಮೇಲೆ ನನ್ನ ಹಳೇ ಅನುವಾದವನ್ನ ಅದಕ್ಕೆ ಹೋಲಿಸಿ ತಿದ್ದಿದೆ. ಇಪ್ಪತ್ತರಲ್ಲಿ ಮಾಡಿದ ತಪ್ಪನ್ನ ನಲವತ್ತರಲ್ಲಿ ಹೆಸರು ಹಾಕಿ ಒಪ್ಪಿಕೊಳ್ಳೋದು! ನನಗೀಗ ಹತ್ತೊಂಬತ್ತು. ಹೋದ ಸೆಮ್‌ನ ಲ್ಯಾಬ್ ರೆಕಾರ್ಡ್‌ನ ತಪ್ಪನ್ನೇ ನಾನಿನ್ನೂ ಒಪ್ಪಿಲ್ಲ.

ಇನ್ನೊಂದು ಪುಸ್ತಕಕ್ಕಾಗಿ ಅವನು ಸಿರಿಯಾ, ಪ್ಯಾಲೆಸ್ತೀನ್, ಈಜಿಪ್ಟ್ ಎಲ್ಲ ಅಲೆದು ಅಲೆಕ್ಸಾಂಡ್ರಿಯಾದವರೆಗೂ ಹೋದ. ಸಿಕ್ಕಿದ್ದು ದಮಾಸ್ಕಸ್‌ನಲ್ಲಿ, ಅದೂ ಸುಮಾರು ಅರ್ಧ. ಗ್ಯಾಲನ್‌ನ ಆ ಪುಸ್ತಕ ಪೂರ್ತಿಯಾಗಿ ಇವತ್ತಿಗೂ ಇಲ್ಲ. ಪಿಡಿಎಫ್ ಓಪನ್ ಆಗ್ಲಿಲ್ಲ ಅಂತ ಅಸೈನ್‌ಮೆಂಟ್ ಬಿಟ್ಟವರು ಇಲ್ಲಿ ಒಂದು ನಿಮಿಷ ಯೋಚಿಸಬಹುದು. ನಾನೂ ಸೇರಿ.

ಅವನ ವಿಧಾನದ ಬಗ್ಗೆ ಹದಿನಾಲ್ಕನೇ ಶತಮಾನದ ಲೇಖಕ ಸಫದಿ ಒಂದು ಒಳ್ಳೇ ವಿವರಣೆ ಕೊಡ್ತಾನೆ. ಹಳೇ ಅನುವಾದಕರು ಒಂದು ಗ್ರೀಕ್ ಪದ, ಅದಕ್ಕೆ ಒಂದು ಅರಬ್ಬಿ ಪದ, ಹೀಗೆ ಇಟ್ಟಿಗೆ ಜೋಡಿಸ್ತಿದ್ರು. ಹುನೈನ್ ಪೂರ್ತಿ ವಾಕ್ಯ ಓದಿ, ಅರ್ಥ ಮನಸ್ಸಲ್ಲಿ ಕೂರಿಸಿ, ಆಮೇಲೆ ಅದನ್ನ ಅರಬ್ಬಿ ವಾಕ್ಯವಾಗಿ ಬರೀತಿದ್ದ. ಸುಲಭ ಅನ್ಸುತ್ತೆ, ಆದ್ರೆ ಹೀಗೆ ಮಾಡ್ಬೇಕು ಅಂದ್ರೆ ಭಾಷೆ ಗೊತ್ತಿದ್ರೆ ಸಾಲದು, ವಿಷಯ ಗೊತ್ತಿರಬೇಕು. ಅವನು ವೈದ್ಯ, ಹಾಗಾಗಿ ಗ್ಯಾಲನ್‌ನ ವಾಕ್ಯ ಎಲ್ಲಿ ಕೆಟ್ಟಿದೆ ಅಂತ ಅವನಿಗೆ ವಾಸನೆ ಬರ್ತಿತ್ತು.

ಇವನ ಜೊತೆ ಇದ್ದವರನ್ನ ನೋಡಿ. ದುಡ್ಡು ಹಾಕಿದವರಲ್ಲಿ ಬನೂ ಮೂಸಾ, ಅಂದ್ರೆ ಮೂಸಾನ ಮೂವರು ಮಕ್ಕಳು, ಮುಸ್ಲಿಮರು. ಅನುವಾದಕರ ತಂಡಕ್ಕೆ ತಿಂಗಳಿಗೆ ಸುಮಾರು 500 ದಿನಾರ್ ಕೊಡ್ತಿದ್ರು ಅಂತ ಹಳೇ ಬರಹ ಹೇಳುತ್ತೆ. (ಮೆಕ್ಯಾನಿಕಲ್‌ನವರೇ, ಇವರು 850ರ ಹೊತ್ತಿಗೆ ತಾವಾಗೇ ತೆರೆದು ಮುಚ್ಚೋ ವಾಲ್ವ್‌ಗಳ ಸಮೇತ ಸುಮಾರು ನೂರು ಯಂತ್ರಗಳ ಪುಸ್ತಕ ಬರೆದವರು. ನಿಮ್ಮ ಫೆಸ್ಟ್ ಪ್ರಾಜೆಕ್ಟ್‌ಗೆ ಐಡಿಯಾ ಬೇಕಿದ್ರೆ ಹುಡುಕಿ.) ಯೂಕ್ಲಿಡ್‌ನ ಎಲಿಮೆಂಟ್ಸ್ ಅನ್ನ ಅರಬ್ಬಿಗೆ ತಂದವರಲ್ಲಿ ಒಬ್ಬ ಹುನೈನ್‌ನ ಮಗ ಇಸ್‌ಹಾಕ್, ಕ್ರೈಸ್ತ. ಅದನ್ನ ತಿದ್ದಿದವನು ಹರ್ರಾನ್ ಊರಿನ ಥಾಬಿತ್ ಇಬ್ನ್ ಕುರ್ರಾ, ನಕ್ಷತ್ರಗಳನ್ನ ಪೂಜಿಸೋ ಸಾಬಿಯನ್ ಪಂಗಡದವನು. ಅವನೂ ಮೊದಲು ದುಡ್ಡು ಚಿಲ್ಲರೆ ಮಾಡ್ತಿದ್ದವನೇ. ಮೂಲ ಬರೆದವನು ಈ ಯಾವ ಧರ್ಮಕ್ಕೂ ಸೇರದ ಹಳೇ ಗ್ರೀಕ. ಓದಿದವರು ಬಹುಪಾಲು ಮುಸ್ಲಿಮರು. ಒಂದು ಪುಸ್ತಕ, ನಾಲ್ಕು ದೇವರು.

ಅದೇ ಕಾಲಕ್ಕೆ ನಮ್ಮ ಕಡೆ ಏನಾಗ್ತಿತ್ತು? ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಆಗಿನ ಮಾನ್ಯಖೇಟದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ಆಳ್ತಿದ್ದ. 851ರ ಒಂದು ಅರಬ್ಬಿ ಬರಹ ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ಬಲ್ಹರಾ ಒಬ್ಬ ಅಂತ ಲೆಕ್ಕ ಹಾಕುತ್ತೆ. ವಲ್ಲಭರಾಜ ಅವರ ಬಾಯಲ್ಲಿ ಬಲ್ಹರಾ. ಅವನ ಆಳ್ವಿಕೆಯಲ್ಲೇ ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನ ತೆಲುಗಿಗೆ ತಂದ. ಹುನೈನ್‌ಗೂ ಮಹಾವೀರಾಚಾರ್ಯನಿಗೂ ಪರಿಚಯ ಇತ್ತು ಅಂತಲ್ಲ, ಹಾಗೆ ಫಾರ್ವರ್ಡ್ ಮಾಡ್ಬೇಡಿ. ಒಂದೇ ಕಾಲದಲ್ಲಿ ಇದ್ರು, ಇಬ್ಬರ ಊರಿನ ನಡುವೆ ಹಡಗು ಓಡಾಡ್ತಿತ್ತು, ಅಷ್ಟೇ.

ಸೈನ್ ಕಥೆಯ ಕೊನೇ ತಿರುವು ಸ್ಪೇನಿನ ಟೊಲೆಡೊ. ಬಹಳ ಕಾಲ ಮುಸ್ಲಿಂ ಆಳ್ವಿಕೆಯಲ್ಲಿದ್ದ ಈ ಊರನ್ನ 1085ರಲ್ಲಿ ಕ್ರೈಸ್ತ ರಾಜ ಆರನೇ ಅಲ್ಫೋನ್ಸೊ ಗೆದ್ದುಕೊಂಡ. ಪುಸ್ತಕಗಳು ಅಲ್ಲೇ ಉಳಿದ್ವು, ಅರಬ್ಬಿ ಮಾತಾಡೋ ಕ್ರೈಸ್ತರು, ಯಹೂದಿಗಳು, ಮುಸ್ಲಿಮರು ಕೂಡ ಉಳಿದರು. ಮುಂದಿನ ಶತಮಾನದಲ್ಲಿ ಯುರೋಪಿನ ಬೇರೆ ಬೇರೆ ಕಡೆಯಿಂದ ಓದೋ ಹಸಿವಿನವರು ಅಲ್ಲಿಗೆ ಬಂದರು. ಇಟಲಿಯ ಕ್ರೆಮೋನಾದ ಜೆರಾರ್ಡ್ ಬಂದಿದ್ದು ಒಂದೇ ಪುಸ್ತಕಕ್ಕೆ: ಟಾಲೆಮಿಯ ಆ ಖಗೋಳ ಗ್ರಂಥ. ಲ್ಯಾಟಿನ್‌ನಲ್ಲಿ ಅದು ಸಿಗ್ತಿರಲಿಲ್ಲ, ಅರಬ್ಬಿಯಲ್ಲಿ ಅಲ್ ಮಜಿಸ್ತಿ ಅನ್ನೋ ಹೆಸರಲ್ಲಿ ಇತ್ತು. ಅದಕ್ಕಾಗಿ ಅರಬ್ಬಿ ಕಲಿತ, ಅದು ಮುಗಿದಿದ್ದು 1175ರಲ್ಲಿ, ಅವನಿಗೆ ಅರವತ್ತು ದಾಟಿತ್ತು. ಅಷ್ಟರಲ್ಲಿ ಕಣ್ಣಿಗೆ ಬಿದ್ದ ಬೇರೆ ಪುಸ್ತಕಗಳನ್ನ ಬಿಡೋಕೆ ಮನಸ್ಸಾಗದೆ ಅವನ್ನೂ ಅನುವಾದಿಸಿದ. ಅವನು ಸತ್ತ ಮೇಲೆ ಶಿಷ್ಯರು ಮಾಡಿದ ಪಟ್ಟಿಯಲ್ಲಿ 71 ಪುಸ್ತಕ ಇವೆ.

ಟೊಲೆಡೊದಲ್ಲಿ ಅನುವಾದ ಎಷ್ಟೋ ಸಲ ಇಬ್ಬರು ಕೂತು ಮಾಡೋ ಕೆಲಸ. ಇಬ್ನ್ ಸೀನಾ ಆತ್ಮದ ಬಗ್ಗೆ ಬರೆದ ಪುಸ್ತಕ ಲ್ಯಾಟಿನ್‌ಗೆ ಬಂದಿದ್ದು ಹೀಗೆ: ಅವೆಂಡೌಥ್ ಅನ್ನೋ ಯಹೂದಿ ವಿದ್ವಾಂಸ ಅರಬ್ಬಿ ಓದಿ ಅದನ್ನ ಊರಿನ ಆಡುಭಾಷೆಯಲ್ಲಿ ಜೋರಾಗಿ ಹೇಳ್ತಾನೆ, ಪಕ್ಕದಲ್ಲಿ ಕೂತ ಚರ್ಚಿನ ಗುಂಡಿಸಾಲಿನಸ್ ಅದನ್ನ ಕೇಳಿ ಲ್ಯಾಟಿನ್‌ನಲ್ಲಿ ಬರ್ಕೋತಾನೆ. ಮುಸ್ಲಿಂ ತತ್ವಜ್ಞಾನಿಯ ಮಾತು, ಯಹೂದಿಯ ಬಾಯಿ, ಪಾದ್ರಿಯ ಕೈ. ನಡುವೆ ಇದ್ದಿದ್ದು ಮಾರ್ಕೆಟ್ಟಲ್ಲಿ ತರಕಾರಿ ಕೊಳ್ಳೋ ಭಾಷೆ! ನನಗೆ ಇದು ಓದಿದಾಗ ಆದ ಸಮಾಧಾನ ಹೇಳೋಕಾಗಲ್ಲ. ಯಾಕಂದ್ರೆ ನಮ್ಮ ರೂಮಲ್ಲಿ ಆಗ್ತಿದ್ದಿದ್ದೂ ಅದೇ. ಟೆಕ್ಸ್ಟ್‌ಬುಕ್ ಇಂಗ್ಲಿಷ್, ನಾನು ಅದನ್ನ ಹರುಕು ಮುರುಕು ಹಾಸ್ಟೆಲ್ ಕನ್ನಡದಲ್ಲಿ ಹೇಳ್ತಿದ್ದೆ, ಅವನು ತನ್ನ ಚೆಂದದ ಕನ್ನಡದಲ್ಲಿ ನೋಟ್ಸ್ ಮಾಡ್ಕೋತಿದ್ದ.

ಲ್ಯಾಟಿನ್ ಅನುವಾದಕರು ಜೈಬ್ ಪದ ಕಂಡಾಗ ಅದರ ಅರ್ಥ ನೋಡಿದರು: ಮಡಿಕೆ, ಎದೆಯ ಹತ್ತಿರದ ಬಟ್ಟೆಯ ಕುಳಿ. ಲ್ಯಾಟಿನ್‌ನಲ್ಲಿ ಅದಕ್ಕೆ ಸೈನಸ್. ಬರೆದರು. ಸೈನಸ್ ಇಂಗ್ಲಿಷಲ್ಲಿ ಸೈನ್ ಆಯ್ತು. ನೆಗಡಿ ಬಂದಾಗ 'ಸೈನಸ್ ಪ್ರಾಬ್ಲಮ್' ಅಂತೀವಲ್ಲ, ಮೂಗಿನ ಪಕ್ಕದ ಟೊಳ್ಳು, ಅದೇ ಪದ. ಬಿಲ್ಲಿನ ಹೆದೆಯಿಂದ ಹೊರಟು ಜೇಬಿಗೆ ಬಿದ್ದು ಮೂಗಿನವರೆಗೆ ಬಂತು.

ಆದ್ರೆ ಬಾಣದ ಗತಿ ಏನಾಯ್ತು ಅಂತ ಯಾರೂ ಕೇಳಲ್ಲ. ಶರವನ್ನ ಅರಬ್ಬಿಯವರು ಶಬ್ದವಾಗಿ ಎತ್ತಿಕೊಳ್ಳಲಿಲ್ಲ, ಅರ್ಥ ಅನುವಾದಿಸಿ ಸಹ್ಮ್ ಅಂದರು. ಅದೂ ಬಾಣವೇ. ಲ್ಯಾಟಿನ್‌ನವರು ಅದನ್ನ ಸಜಿಟ್ಟಾ ಅಂದರು, ಮತ್ತೆ ಬಾಣ. ಲೆನ್ಸ್‌ನ ಬಾಗು ಅಳೆಯುವಾಗ ಇವತ್ತಿಗೂ ಸಜಿಟ್ಟಾ ಅಂತಾರೆ. ಮೂರು ಭಾಷೆ ದಾಟಿದರೂ ಬಾಣ ಬಾಣವಾಗೇ ಉಳೀತು. ಪಕ್ಕದಲ್ಲೇ ಇದ್ದ ಹೆದೆ ಜೇಬಾಯ್ತು. ಒಂದೇ ಚಿತ್ರದ ಎರಡು ಗೆರೆ, ಎರಡು ಥರದ ಅನುವಾದ. ಅಂದಹಾಗೆ ಕೋಸೈನ್‌ನ 'ಕೋ' ನಮ್ಮ ಕೋಟಿಜ್ಯಾದ ಕೋ ಅಂತ ಹೇಳೋರಿದಾರೆ. ಅಲ್ಲ. ಅದು ಪೂರಕ ಕೋನ ಅನ್ನೋದರ ಲ್ಯಾಟಿನ್ ಪದದಿಂದ ಬಂದದ್ದು, 1620ರಲ್ಲಿ ಎಡ್ಮಂಡ್ ಗಂಟರ್ ಹಾಗೆ ಚಿಕ್ಕದು ಮಾಡಿ ಬರೆದ. ಕಾಕತಾಳೀಯ ಎಷ್ಟೇ ಚೆಂದ ಇದ್ರೂ ಕಾಕತಾಳೀಯವೇ.

ಇದನ್ನೆಲ್ಲ ಓದಿ ಆಗ ಎಲ್ಲರೂ ಕೈ ಕೈ ಹಿಡ್ಕೊಂಡು ಖುಷಿಯಾಗಿದ್ರು ಅಂದ್ಕೋಬೇಡಿ. ಟೊಲೆಡೊದ ಪುಸ್ತಕಗಳು ಲ್ಯಾಟಿನ್‌ನವರ ಕೈಗೆ ಬಂದಿದ್ದು ಒಂದು ಊರು ಸೋತಿದ್ದರಿಂದ. ಅಲ್ ಬಿರೂನಿ ಭಾರತಕ್ಕೆ ಬಂದಿದ್ದು ಘಜ್ನಿಯ ಮಹಮೂದ್‌ನ ದಂಡಯಾತ್ರೆಗಳ ಹಿಂದೆ. ಬಿರೂನಿ ಸಂಸ್ಕೃತ ಕಲಿತ, ಪತಂಜಲಿಯ ಯೋಗದ ಗ್ರಂಥವನ್ನ ಅರಬ್ಬಿಗೆ ತಂದ, 1030ರ ಹೊತ್ತಿಗೆ ಭಾರತದ ಬಗ್ಗೆ ದೊಡ್ಡ ಪುಸ್ತಕ ಬರೆದ. ಅದೇ ಪುಸ್ತಕದಲ್ಲಿ ಮಹಮೂದ್ ಈ ದೇಶದ ಸಮೃದ್ಧಿ ಹಾಳುಮಾಡಿದ, ಅದಕ್ಕೇ ಇಲ್ಲಿನವರಿಗೆ ನಮ್ಮ ಮೇಲೆ ದ್ವೇಷ, ಇಲ್ಲಿನ ವಿದ್ಯೆ ನಮ್ಮ ಕೈಗೆ ಸಿಗದಷ್ಟು ದೂರ ಹೋಯ್ತು ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಅಷ್ಟೇ ಅಲ್ಲ, ವಾಪಸ್ ಕೊಡೋ ಪ್ರಯತ್ನವನ್ನೂ ಮಾಡಿದ: ಯೂಕ್ಲಿಡ್ ಮತ್ತು ಟಾಲೆಮಿಯನ್ನ ಇಲ್ಲಿನ ಪಂಡಿತರಿಗಾಗಿ ಸಂಸ್ಕೃತದ ಶ್ಲೋಕಗಳಲ್ಲಿ ಹೇಳೋಕೆ ಹೊರಟಿದ್ದ. ಸೈನ್ಯದ ಧೂಳಿನಲ್ಲಿ ಬಂದವನು ಶ್ಲೋಕದ ಛಂದಸ್ಸಿಗೆ ಜ್ಯಾಮಿತಿ ಕೂರಿಸ್ತಾ ಇರೋ ದೃಶ್ಯ ನನಗೆ ತಲೆಯಿಂದ ಹೋಗ್ತಾನೇ ಇಲ್ಲ.

ರೂಮ್‌ಮೇಟ್ ಎಂ1 ಪಾಸಾದ. ಅದು ಅವನು ಕಷ್ಟಪಟ್ಟಿದ್ದಕ್ಕೆ, ಆರ್ಯಭಟನಿಂದಲ್ಲ. ಈಗ ನಾವಿಬ್ಬರೂ ಕನ್ನಡ ಸಂಘದ ಇನ್ನೂ ಮೂರು ಜನರ ಜೊತೆ ಒಂದು ಶೀಟ್ ಮಾಡಿದೀವಿ. ಮೊದಲ ಕಾಲಂ ನಮ್ಮ ಸಿಲಬಸ್‌ನ ಇಂಗ್ಲಿಷ್ ಪದ, ಎರಡನೇದು ಕನ್ನಡ ಪಠ್ಯಪುಸ್ತಕದ ಪದ, ಮೂರನೇದು ಊರಲ್ಲಿ ಆಡೋ ಪದ ಇದ್ರೆ ಅದು, ನಾಲ್ಕನೇದು ಒಂದು ವಾಕ್ಯದಲ್ಲಿ ವಿವರಣೆ. ಹುನೈನ್ ಥರ ಐದನೇ ಕಾಲಂ ಇಟ್ಟಿದೀವಿ: ಮೊದಲು ಏನು ತಪ್ಪು ಬರೆದಿದ್ವಿ, ಯಾರು ತಿದ್ದಿದ್ದು. ಆ ಕಾಲಂನಲ್ಲಿ ನನ್ನ ಹೆಸರೇ ಜಾಸ್ತಿ. ಫಸ್ಟ್ ಇಯರ್‌ಗೆ ಹೊಸದಾಗಿ ಬಂದ ಕನ್ನಡ ಮೀಡಿಯಂನವರು ಯಾರಾದ್ರೂ ಇದನ್ನ ಓದ್ತಿದ್ರೆ ಸಂಘದ ಬುಧವಾರದ ಮೀಟಿಂಗಿಗೆ ಬನ್ನಿ. ನಿಮ್ಮ ಹತ್ತಿರ ಇರೋ ಪದಗಳು ನಮ್ಮ ಹತ್ತಿರ ಇಲ್ಲ.

ಹೋದ ವಾರ ಥರ್ಮೋಡೈನಮಿಕ್ಸ್ ಹಾಳೆಯಲ್ಲಿ ಎಂಟ್ರೊಪಿಗೆ ಸಿಕ್ಕಿಬಿದ್ವಿ. ಯಾರಿಗೂ ಒಪ್ಪೋ ಪದ ಸಿಗಲಿಲ್ಲ. ಅವನು "ಎಂಟ್ರೊಪಿ ಅಂತಾನೇ ಬರಿ, ಅವರು ಜೀಬಾ ಅಂತ ಬರೀಲಿಲ್ವಾ" ಅಂದ. ಐನೂರು ವರ್ಷ ಆದ್ಮೇಲೆ ಯಾರಾದ್ರೂ ಅದನ್ನ ಬೇರೆ ಏನೋ ಅಂತ ಓದಿ ಇನ್ನೊಂದು ಜೇಬು ಮಾಡಿಬಿಟ್ರೆ ಅಂತ ನಾನು ಕೇಳಿದೆ.

"ಕನ್ನಡದಲ್ಲಿ ಸ್ವರ ಬರೀತೀವಲ್ಲೋ" ಅಂದು ಅವನೇ ಟೈಪ್ ಮಾಡಿದ.